ಗ್ಲುಟೆನ್‌ರಹಿತ ಸಿನಮನ್ ರೋಲ್: ಎಲ್ಲಿ ಇಡಬೇಕು, ಹೇಗೆ ಬಿಸಿ ಮಾಡಬೇಕು?

ಸೀಲಿಯಾಕ್ ಕಾಯಿಲೆ ಇರುವ ಮಗುವಿಗೆಂದು ಅಂಗಡಿಯಿಂದ ಗ್ಲುಟೆನ್‌ರಹಿತ ಸಿನಮನ್ ರೋಲ್ ತರಿಸುತ್ತೀರಿ. ಮೊದಲ ದಿನ ಅದು ಮೃದುವಾಗಿರುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನ ಗಟ್ಟಿಯಾಗಿ, ಮುರಿದರೆ ಪುಡಿಪುಡಿಯಾಗುತ್ತದೆ. ದುಬಾರಿ ತಿನಿಸನ್ನು ಎಸೆಯಲು ಮನಸ್ಸು ಬರುವುದಿಲ್ಲ. ಎಸೆಯಬೇಕಾಗಿಯೂ ಇಲ್ಲ. ಆದರೆ ಬಿಸಿ ಮಾಡುವ ಅವಸರದಲ್ಲಿ ಅದನ್ನು ಮನೆಯವರೆಲ್ಲ ಬಳಸುವ ಟೋಸ್ಟರ್‌ಗೆ ಹಾಕಿದರೆ, ಗಟ್ಟಿಯಾದ ರೋಲ್‌ಗಿಂತ ದೊಡ್ಡ ತೊಂದರೆ ಎದುರಾಗಬಹುದು.

ಫ್ರಿಜ್‌ನಲ್ಲಿ ಏಕೆ ಗಟ್ಟಿಯಾಗುತ್ತದೆ?

ರಾತ್ರಿ ಉಳಿದ ಅನ್ನವನ್ನು ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಅಗುಳು ಬಿರುಸಾಗಿರುತ್ತದೆ, ಹಬೆಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಇಲ್ಲಿಯೂ ಆಗುವುದು ಅದೇ. ಬೆಂದ ಪಿಷ್ಟ ತಣ್ಣಗಾದಾಗ ಅದರ ಕಣಗಳು ಮತ್ತೆ ಒತ್ತಾಗಿ ಜೋಡಣೆಯಾಗುತ್ತವೆ. ಫ್ರಿಜ್‌ನೊಳಗಿನ ತಂಪಿನಲ್ಲಿ ಈ ಕ್ರಿಯೆ ಹೊರಗಿಗಿಂತ ವೇಗವಾಗಿ ನಡೆಯುತ್ತದೆ. ಫ್ರೀಜರ್‌ನಲ್ಲಿ ನೀರು ಹೆಪ್ಪುಗಟ್ಟುವುದರಿಂದ ಅದು ಬಹುತೇಕ ನಿಂತುಹೋಗುತ್ತದೆ.

ಗೋಧಿಯ ತಿನಿಸಿನಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಹಿಟ್ಟನ್ನು ಬಲೆಯಂತೆ ಹಿಡಿದಿಡುತ್ತದೆ. ಗ್ಲುಟೆನ್‌ರಹಿತ ರೋಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಕ್ಕಿ ಹಿಟ್ಟು, ಮರಗೆಣಸಿನ ಅಥವಾ ಆಲೂಗಡ್ಡೆಯ ಪಿಷ್ಟ. ಹಿಡಿತಕ್ಕಾಗಿ ಕ್ಸಾಂಥನ್ ಗಮ್ ಅಥವಾ ಇಸಬ್ಗೋಲು ಸೇರಿಸಿರುತ್ತಾರೆ. ಮಲಬದ್ಧತೆಗೆ ಔಷಧಿ ಅಂಗಡಿಯಲ್ಲಿ ಕೊಡುವ ಇಸಬ್ಗೋಲೇ ಇದು. ಪಿಷ್ಟವೇ ಹೆಚ್ಚಿರುವುದರಿಂದ ಈ ರೋಲ್ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ.

ಎಲ್ಲಿ ಇಡಬೇಕು?

ಪೊಟ್ಟಣದ ಮೇಲೆ ಬರೆದಿರುವ ಸೂಚನೆಯನ್ನು ಮೊದಲು ಓದಿ, ಅದನ್ನೇ ಪಾಲಿಸಿ. ಅದರ ಜೊತೆಗೆ ಇವನ್ನು ನೆನಪಿಡಿ:

• ಒಂದೆರಡು ದಿನದಲ್ಲಿ ತಿನ್ನುವುದಾದರೆ, ಮೇಲೆ ಕ್ರೀಮ್ ಇಲ್ಲದ ರೋಲ್ ಅನ್ನು ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಬಹುದು. ಮುಂಬೈ, ಚೆನ್ನೈಗಳಂಥ ತೇವದ ಹವೆಯಲ್ಲಿ ಬೂಷ್ಟು ಬೇಗ ಬರುತ್ತದೆ, ಅಲ್ಲಿ ಫ್ರೀಜರೇ ವಾಸಿ.
• ಹೆಚ್ಚು ದಿನ ಇಡುವುದಾದರೆ, ತಂದ ದಿನವೇ ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಿ, ಡಬ್ಬಿಗೆ ಹಾಕಿ, ದಿನಾಂಕ ಬರೆದು ಫ್ರೀಜರ್‌ನಲ್ಲಿಡಿ. ಬೇಕಾದಾಗ ಬೇಕಾದಷ್ಟೇ ತೆಗೆಯಬಹುದು.
• ಕ್ರೀಮ್ ಚೀಸ್ ಲೇಪ ಇದ್ದರೆ ಫ್ರಿಜ್ ಅಥವಾ ಫ್ರೀಜರ್ ಬೇಕೇ ಬೇಕು. ಅದನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ.
• ಬೂಷ್ಟು ಕಂಡರೆ ಆ ಭಾಗವನ್ನಷ್ಟೇ ಕತ್ತರಿಸಿ ತಿನ್ನಬೇಡಿ. ಇಡೀ ರೋಲ್ ಎಸೆಯಿರಿ.

ಹೇಗೆ ಬಿಸಿ ಮಾಡಬೇಕು?

ಬಿಸಿ ತಾಗಿದಾಗ ಪಿಷ್ಟ ಮತ್ತೆ ಸಡಿಲವಾಗುತ್ತದೆ. ಆದರೆ ಜೊತೆಗೆ ತೇವವೂ ಇರಬೇಕು.

ಮೈಕ್ರೋವೇವ್: ರೋಲ್ ಮೇಲೆ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದ ಹೊದಿಸಿ 15ರಿಂದ 20 ಸೆಕೆಂಡು ಬಿಸಿ ಮಾಡಿ. ಸಾಲದಿದ್ದರೆ ಮತ್ತೆ 10 ಸೆಕೆಂಡು. ಒಮ್ಮೆಲೇ ಒಂದು ನಿಮಿಷ ಇಟ್ಟರೆ ತೇವ ಹಾರಿ ರಬ್ಬರಿನಂತಾಗುತ್ತದೆ. ಫ್ರೀಜರ್‌ನಿಂದ ತೆಗೆದದ್ದಕ್ಕೆ ಇನ್ನಷ್ಟು ಹೊತ್ತು ಬೇಕು.

ಓವನ್: ಫಾಯಿಲ್‌ನಲ್ಲಿ ಸುತ್ತಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 10 ನಿಮಿಷ ಇಡಿ. ಫಾಯಿಲನ್ನು ಮೈಕ್ರೋವೇವ್‌ಗೆ ಮಾತ್ರ ಹಾಕಬೇಡಿ.

ಇವೆರಡೂ ಇಲ್ಲದಿದ್ದರೆ: ದಪ್ಪ ತಳದ ಬಾಣಲೆಯಲ್ಲಿ ರೋಲ್ ಇಟ್ಟು, ಪಕ್ಕದಲ್ಲಿ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕೆಲವು ನಿಮಿಷ ಬಿಡಿ. ಚಪಾತಿ ಕಾವಲಿ ಬೇಡ.

ಲೇಪವನ್ನು ಬಿಸಿ ಮಾಡಿದ ಮೇಲೆ ಹಚ್ಚಿ. ಒಳಗಿನ ಸಕ್ಕರೆ ಮತ್ತು ಚಕ್ಕೆಯ ಪಾಕ ಹೊರಮೈಗಿಂತ ಹೆಚ್ಚು ಕಾದಿರುತ್ತದೆ. ಮಗುವಿಗೆ ಕೊಡುವ ಮುನ್ನ ಮುರಿದು ನೋಡಿ. ಬಿಸಿ ಮಾಡಿದ್ದನ್ನು ಆಗಲೇ ತಿನ್ನಿ. ಆರಿದರೆ ಮೊದಲಿಗಿಂತ ಬೇಗ ಗಟ್ಟಿಯಾಗುತ್ತದೆ.

ಬಿಸಿಗೆ ಗ್ಲುಟೆನ್ ಸಾಯುವುದಿಲ್ಲ

‘ಚೆನ್ನಾಗಿ ಕಾಯಿಸಿದರೆ ಏನೂ ಆಗುವುದಿಲ್ಲ’ ಎಂದು ಮನೆಯ ಹಿರಿಯರು ಹೇಳಬಹುದು. ರೋಗಾಣುಗಳ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ಸರಿ, ಗ್ಲುಟೆನ್ ವಿಷಯದಲ್ಲಿ ತಪ್ಪು. ಗೋಧಿ ಬ್ರೆಡ್ಡು ಓವನ್‌ನ ಬಿಸಿಯಲ್ಲಿ ಬೆಂದೇ ಬಂದಿರುತ್ತದೆ, ಆದರೂ ಸೀಲಿಯಾಕ್ ಇರುವವರ ಸಣ್ಣಕರುಳಿಗೆ ಅದು ಹಾನಿ ಮಾಡುತ್ತದೆ.

ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ‘ಗ್ಲುಟೆನ್‌ರಹಿತ’ ಎಂದು ಬರೆಯಲು ಆಹಾರದಲ್ಲಿ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಅಂದರೆ 100 ಗ್ರಾಂ ತೂಕದ ರೋಲ್‌ನಲ್ಲಿ ಹೆಚ್ಚೆಂದರೆ 2 ಮಿಲಿಗ್ರಾಂ. ಟೋಸ್ಟರ್‌ನಲ್ಲಿ ಉಳಿದ ಒಂದೇ ಒಂದು ಗ್ರಾಂ ಗೋಧಿ ಬ್ರೆಡ್ಡಿನ ಚೂರಿನಲ್ಲಿ ಹತ್ತಾರು ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ನೀವು ಹುಡುಕಿ, ಹೆಚ್ಚು ಹಣ ಕೊಟ್ಟು ತಂದ ಸುರಕ್ಷತೆ ಆ ಚೂರಿನಿಂದ ಹಾಳಾಗುತ್ತದೆ.

ಆದ್ದರಿಂದ ಟೋಸ್ಟರ್ ಪ್ರತ್ಯೇಕವಾಗಿರಲಿ. ಓವನ್ ಎಲ್ಲರದೂ ಆದರೆ ಟ್ರೇ ತೊಳೆದು, ಹೊಸ ಫಾಯಿಲ್ ಹಾಸಿ, ರೋಲ್ ಅನ್ನು ಮುಚ್ಚಿಡಿ. ಮೈಕ್ರೋವೇವ್ ಒಳಗಿನ ತಟ್ಟೆ ಒರೆಸಿ, ಸ್ವಚ್ಛ ಪಿಂಗಾಣಿ ತಟ್ಟೆಯಲ್ಲಿ ರೋಲ್ ಇಡಿ. ಬೆಣ್ಣೆ ಹಚ್ಚುವ ಚಾಕು, ಬೆಣ್ಣೆಯ ಡಬ್ಬಿ ಎರಡೂ ಬೇರೆ ಇರಲಿ. ಫ್ರೀಜರ್‌ನಲ್ಲಿ ಮೇಲಿನ ಅರೆ ಗ್ಲುಟೆನ್‌ರಹಿತ ಆಹಾರಕ್ಕೆ ಮೀಸಲಿರಲಿ. ಆಗ ಪರೋಟದ ಚೂರು ಅದರ ಮೇಲೆ ಉದುರುವುದಿಲ್ಲ.

ಇನ್ನೆರಡು ಮಾತು

ಗ್ಲುಟೆನ್ ಇಲ್ಲ ಎಂದರೆ ಸಕ್ಕರೆ ಇಲ್ಲ ಎಂದಲ್ಲ. ಟೈಪ್ 1 ಮಧುಮೇಹ ಇರುವವರಲ್ಲಿ ಸೀಲಿಯಾಕ್ ಹೆಚ್ಚಾಗಿ ಕಾಣಿಸುತ್ತದೆ. ಅಂಥವರು ಲೇಬಲ್ ಮೇಲಿನ ಕಾರ್ಬೋಹೈಡ್ರೇಟ್ ಪ್ರಮಾಣ ನೋಡಿ, ವೈದ್ಯರು ಹೇಳಿಕೊಟ್ಟಂತೆ ಇನ್ಸುಲಿನ್ ಲೆಕ್ಕ ಹಾಕಬೇಕು.

ಪೊಟ್ಟಣ ಒಡೆದ ಕೂಡಲೇ ಎಸೆಯಬೇಡಿ. ಲೇಬಲ್ ಮತ್ತು ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಡಿ. ತಿಂದ ಮೇಲೆ ಹೊಟ್ಟೆನೋವು, ಭೇದಿ ಅಥವಾ ವಾಂತಿ ಶುರುವಾದರೆ ವೈದ್ಯರಿಗೂ ಆಹಾರತಜ್ಞರಿಗೂ ಅದನ್ನು ತೋರಿಸಿ. ತಪ್ಪು ಪೊಟ್ಟಣದ್ದೋ ಅಡುಗೆಮನೆಯದ್ದೋ ಎಂದು ಕಂಡುಕೊಳ್ಳಲು ಅದು ನೆರವಾಗುತ್ತದೆ.