‘ಆರಾಮ’ ಅಂದವರ ಅಂಕ

ಬೆಳಿಗ್ಗೆ ಏಳೂವರೆಗೆ ಹೊಸೂರು ರಸ್ತೆಯಲ್ಲಿ ಬಸ್ಸಿಳಿಯುವವರಲ್ಲಿ ಆಸ್ಪತ್ರೆಗೆ ಬಂದವರು ಯಾರೆಂದು ಕೇಳಬೇಕಿಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಸ್ಕ್ಯಾನಿಂಗ್ ಫಿಲ್ಮು, ಇನ್ನೊಂದು ಕೈಯಲ್ಲಿ ಬುತ್ತಿ. ಇಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ನೆರೆಹೊರೆ. ಮನಸ್ಸಿನ ಕಾಯಿಲೆಗೆ ಒಂದು ಗೇಟು, ಗಡ್ಡೆಗೆ ಇನ್ನೊಂದು. ಗಡ್ಡೆ ಬಂದವರ ಮನಸ್ಸಿಗೆ ಯಾವ ಗೇಟು ಎಂಬುದು ನಾನು ಹೊತ್ತು ತಂದಿದ್ದ ಪ್ರಶ್ನೆ.

ಕಿದ್ವಾಯಿ ಶುರುವಾದದ್ದು 1973ರಲ್ಲಿ. 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರು ಈಗ ಬೀದರ್‌ನಿಂದ ಚಾಮರಾಜನಗರದ ತನಕ ಒಂದು ಕಾಯಿಲೆಯ ವಿಳಾಸ.

ನನ್ನ ಚೀಲದಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ ಥರ್ಮಾಮೀಟರಿನ ಚಿತ್ರ: ಬುಡದಲ್ಲಿ 0, ತುದಿಯಲ್ಲಿ 10. ಇವತ್ತೂ ಸೇರಿ ಕಳೆದ ಒಂದು ವಾರದಲ್ಲಿ ಎಷ್ಟು ಸಂಕಟಪಟ್ಟಿರೋ ಆ ಅಂಕೆಗೆ ಸುತ್ತು ಹಾಕಬೇಕು. ಪಕ್ಕದಲ್ಲಿ ತೊಂದರೆಗಳ ಪಟ್ಟಿ: ದುಡ್ಡು, ಓಡಾಟ, ಮಕ್ಕಳು, ನಿದ್ದೆ, ಭಯ, ದೇವರು. 1990ರ ದಶಕದ ಕೊನೆಗೆ ನ್ಯೂಯಾರ್ಕಿನ ಮನೋವೈದ್ಯೆ ಜಿಮಿ ಹಾಲೆಂಡ್ ಮತ್ತು ಸಂಗಡಿಗರು ಹೊರರೋಗಿ ವಿಭಾಗಕ್ಕೆಂದು ರೂಪಿಸಿದ್ದು ಇದು. ‘ಖಿನ್ನತೆ’ ಎಂದರೆ ರೋಗಿಗಳು ಮುದುಡಿಕೊಳ್ಳುತ್ತಾರೆಂದು ‘ಡಿಸ್ಟ್ರೆಸ್’ ಎಂಬ ಮೆತ್ತನೆಯ ಮಾತನ್ನು ಬೇಕೆಂದೇ ಆರಿಸಿಕೊಂಡರು. ನಾಲ್ಕೋ ಅದಕ್ಕಿಂತ ಹೆಚ್ಚೋ ಬಂದರೆ ಯಾರಾದರೂ ಕೂತು ವಿಚಾರಿಸಬೇಕು. ಹಾಳೆ ತುಂಬಲು ಎರಡು ಮೂರು ನಿಮಿಷ ಸಾಕು.

ಗೇಟಿನ ಹೊರಗೆ ಎಳನೀರು ಗಾಡಿಯ ಹತ್ತಿರ ರಾಯಚೂರು ಕಡೆಯ ತಾಯಿ, ಮಗ ನಿಂತಿದ್ದರು. ಸೆರಗು ಜಾರಿದಾಗ ಕಂಡಿತು: ಕುತ್ತಿಗೆಯ ಒಂದು ಮಗ್ಗುಲ ಚರ್ಮ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿತ್ತು.

‘ಹೆಂಗದೀರಿ ಅವ್ವಾ?’

‘ಆರಾಮ ಅದೀನಿ ನೋಡ್ರಿ. ಕರೆಂಟ್ ಕೊಡ್ಲಾಕತ್ಯಾರ.’

ಮಗ ನನ್ನನ್ನು ಪಕ್ಕಕ್ಕೆ ಕರೆದ. ‘ಅವ್ವಗ ಹೇಳಿಲ್ರಿ. ಗಂಟು ಅಂತ ಹೇಳೀವಿ.’ ಅವನು ಚಿಲ್ಲರೆಗೆ ಹೋದಾಗ ಅವ್ವ ಆಸ್ಪತ್ರೆಯ ಹೆಸರಿನ ಕಡೆ ಗದ್ದ ಎತ್ತಿ ತೋರಿಸಿದರು. ‘ಬೋರ್ಡ್ ಓದ್ಲಿಕ್ಕೆ ನನಗೂ ಬರ್ತದ್ರಿ.’

ನಾನು ಡಾಕ್ಟರಲ್ಲ, ಹಾಳೆ ಹೊರತೆಗೆಯಲು ಸಂಕೋಚವಾಯಿತು. ರೂಪಾಯಿಗೆ ಎಷ್ಟಾಣೆ ಸಂಕಟ ಅವ್ವಾ, ಎಂದು ಕೇಳಿದೆ. ತಡವಿಲ್ಲದೆ ‘ಹನ್ನೆರಡಾಣಿ’ ಎಂದರು. ಥರ್ಮಾಮೀಟರಿನಲ್ಲಿ ಏಳೂವರೆ. ಆರಾಮ ಅಂದು ಐದು ನಿಮಿಷವೂ ಆಗಿರಲಿಲ್ಲ. ಸಾವಿನ ಭಯ ಇರಬೇಕೆಂದು ನಾನು ಅಂದುಕೊಂಡೆ. ಅವರು ಹೇಳಿದ್ದು ಬೇರೆ: ‘ಮಗನ ಕೂಲಿ ಹೋಗ್ಲಾಕತ್ತದ್ರಿ.’ ಕುತ್ತಿಗೆ, ಬಾಯಿಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಉಂಟು. ಮಗನ ಕೂಲಿ ಅದರಲ್ಲಿ ಬರುವುದಿಲ್ಲ.

ಈ ಹಾಳೆಯನ್ನು ಎಲ್ಲ ಕ್ಯಾನ್ಸರ್ ಹೊರರೋಗಿ ವಿಭಾಗಗಳಲ್ಲೂ ಇಡಬೇಕು ಎಂಬವನು ನಾನು. ಆದರೆ ಓದಿ ಹೇಳುವವರೊಬ್ಬರು ಪಕ್ಕದಲ್ಲಿರಬೇಕು. ಅದೂ ಮಗ ಎರಡು ಹೆಜ್ಜೆ ದೂರ ಹೋದ ಮೇಲೆ. ಏಳೂವರೆ ಎಂದು ಬರೆದು ಫೈಲಿಗೆ ಸೇರಿಸುವುದಾದರೆ ಕೇಳದಿರುವುದೇ ವಾಸಿ. ಇಂಥ ಅಂಕಕ್ಕೆ ಮನೋವೈದ್ಯರೇ ಬೇಕೆಂದೂ ಇಲ್ಲ. ಎಷ್ಟೋ ಸಲ ಇಳಿಸುವುದು ಸಮಾಜ ಕಾರ್ಯಕರ್ತೆ ತುಂಬಿಸಿಕೊಡುವ ಒಂದು ಫಾರಂ.

ಆ ತಾಯಿ, ಮಗ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದರು. ಕ್ಯಾನ್ಸರ್ ರೋಗಿ ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವಾಗ ಸ್ಲೀಪರಿನಲ್ಲೂ ಮೂರನೇ ಎ.ಸಿ.ಯಲ್ಲೂ ಮೂಲ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯವರು ಸಹಿ, ಮೊಹರು ಹಾಕಿದ ಪ್ರಮಾಣಪತ್ರವನ್ನು ಟಿಕೆಟ್ ಕೌಂಟರಿಗೆ ಕೊಡಬೇಕು. ಮಗನಿಗೆ ಇದು ಗೊತ್ತಿರಲಿಲ್ಲ. ನಿಮ್ಮೂರಿನಿಂದ ಯಾರಾದರೂ ಫಿಲ್ಮಿನ ಕವರು ಹಿಡಿದು ಹೊರಟಿದ್ದರೆ ಇದನ್ನು ಹೇಳಿ ಕಳಿಸಿ.