ಮೊದಲ ಡ್ರೋನ್ ಕೊಳ್ಳುವ ಮುನ್ನ

ಎಣ್ಣೂರಿನ ಕಡಲನ್ನೂ ಕೊಸಸ್ತಲೆಯಾರಿನ ಅಳಿವೆಯನ್ನೂ ಮೇಲಿನಿಂದ ಚಿತ್ರಿಸಿ ಊರಿನ ಹಿರಿಯರಿಗೆ ಕಳುಹಿಸಬೇಕೆಂಬ ಹಂಬಲ ನಮ್ಮ ಮಕ್ಕಳಿಗೆ ಸಹಜವೇ. ಆದರೆ ಸಂಬಳದಲ್ಲಿ ಉಳಿಸಿದ ಹಣ ಸಮುದ್ರದ ಪಾಲಾಗಬಾರದಷ್ಟೆ!

ಕೊಳ್ಳುವ ಮುನ್ನ ಸರ್ಕಾರದ ವಾಯುವಲಯ ನಕ್ಷೆಯನ್ನು ನೋಡತಕ್ಕದ್ದು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಅಪ್ಪಣೆ ಬೇಡ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಂದರು, ವಿದ್ಯುತ್ ಸ್ಥಾವರಗಳ ನೆರೆಯಲ್ಲಿರುವ ನಮಗೆ ಇದೇ ಮೊದಲ ಪಾಠ.

ಎರಡನೆಯದು ತೂಕ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರದ್ದು 'ನ್ಯಾನೋ' ವರ್ಗ. ಅದಕ್ಕೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ಹೊಸಬರಿಗೆ ಇದೇ ಉಚಿತ. ಆದರೆ ಹಗುರವಾದುದನ್ನು ಕಡಲಗಾಳಿ ಸುಲಭವಾಗಿ ಸೆಳೆದೊಯ್ಯುತ್ತದೆ. ಆದುದರಿಂದ ಗಾಳಿಯೇಳುವ ಮುನ್ನ, ಬೆಳಗಿನಲ್ಲಿ, ನೀರಿನಿಂದ ದೂರದ ಬಯಲಿನಲ್ಲಿ ಕಲಿಯುವುದು ಲೇಸು. ಬ್ಯಾಟರಿ ಅರ್ಧವಿರುವಾಗಲೇ ಹಿಂದಿರುಗಿಸಬೇಕು. ಎದುರುಗಾಳಿಯಲ್ಲಿ ಅದು ಬೇಗ ಕರಗುತ್ತದೆ.

ಸಿದ್ಧ ವಿದೇಶೀ ಡ್ರೋನುಗಳ ಆಮದನ್ನು 2022ರ ಫೆಬ್ರವರಿಯಲ್ಲಿ ನಿಷೇಧಿಸಲಾಯಿತು. ಪರದೇಶದಿಂದ ಬರುವ ನೆಂಟರಿಗೆ ತರಹೇಳುವುದು ಬೇಡ. ಜಿ.ಪಿ.ಎಸ್. ಹಿಡಿದು ತಾನೇ ಮರಳುವ ಏರ್ಪಾಡು, ಬಿಡಿ ರೆಕ್ಕೆಗಳು, ಹತ್ತಿರದಲ್ಲೇ ರಿಪೇರಿ — ಇವಿದ್ದರೆ ಕ್ಯಾಮರಾ ಸಾಧಾರಣವಾದರೂ ಚಿಂತೆಯಿಲ್ಲ. ಹಾರಿದ್ದು ಮನೆಗೆ ಮರಳಿದರೆ ತಾನೇ ಚಿತ್ರ!