ವರ್ಷದ ಪಾಠವೋ, ಅರ್ಧವರ್ಷದ ಪಾಠವೋ?

ಒಂದು ವಿಷಯವನ್ನು ಕಲಿಸಲು 135 ಗಂಟೆಗಳು ಬೇಕೆಂದು ಭಾವಿಸೋಣ. ದಿನಕ್ಕೆ 45 ನಿಮಿಷದಂತೆ ಕಲಿಸಿದರೆ ಅದು 180 ದಿನಗಳಲ್ಲಿ ಮುಗಿಯುವುದು. 90 ನಿಮಿಷದಂತೆ ಕಲಿಸಿದರೆ 90 ದಿನಗಳೇ ಸಾಕು. ಮೊದಲನೆಯದು ನಮ್ಮ ಪ್ರೌಢಶಾಲೆಗಳಿಗೆ ಪರಿಚಿತವಾದ ವಾರ್ಷಿಕ ಕ್ರಮ. ಎರಡನೆಯದು ಅಮೆರಿಕ ಮತ್ತು ಕೆನಡ ದೇಶಗಳ ಅನೇಕ ಪ್ರೌಢಶಾಲೆಗಳಲ್ಲಿ ಬಳಕೆಯಲ್ಲಿರುವ ಅರ್ಧವಾರ್ಷಿಕ ಕ್ರಮ. ಅಲ್ಲಿನ ವಿದ್ಯಾರ್ಥಿಗಳು ವರ್ಷದ ಪೂರ್ವಾರ್ಧದಲ್ಲಿ ನಾಲ್ಕು ವಿಷಯಗಳನ್ನೂ ಉತ್ತರಾರ್ಧದಲ್ಲಿ ಬೇರೆ ನಾಲ್ಕನ್ನೂ ಓದುತ್ತಾರೆ. ಎರಡರಲ್ಲಿಯೂ ಕಾಲದ ಮೊತ್ತ ಒಂದೇ. ಹಾಗಾದರೆ ಕಲಿಕೆಯೂ ಒಂದೇ ಆಗಬೇಕಲ್ಲವೆ?

ಮನಸ್ಸಿನ ಲೆಕ್ಕಾಚಾರ ಇಷ್ಟು ಸರಳವಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ಪೋಣಿಸಿ, ತಾನೇ ಬಾಯಿಪಾಠ ಮಾಡಿ, ತನ್ನ ನೆನಪನ್ನು ಅಳೆದನು. 1885ರಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳಲ್ಲಿ ಒಂದು ಸ್ವಾರಸ್ಯವಾಗಿದೆ: 12 ಉಚ್ಚಾರಾಂಶಗಳ ಸರಣಿಯನ್ನು ಒಂದೇ ದಿನ 68 ಸಲ ಓದಿದುದರಿಂದ ದೊರೆತ ಫಲವು, ಮೂರು ದಿನಗಳಿಗೆ ಹಂಚಿ 38 ಸಲ ಓದಿದುದರಿಂದಲೇ ದೊರೆಯಿತು! ಸ್ವಲ್ಪ ಮಾಸಿದ ನೆನಪನ್ನು ಮತ್ತೆ ಹುಡುಕಿ ತೆಗೆಯುವ ಶ್ರಮವೇ ಅದನ್ನು ಗಟ್ಟಿಗೊಳಿಸುತ್ತದೆಂದು ಇಂದಿನ ಮನಶ್ಶಾಸ್ತ್ರಜ್ಞರಲ್ಲಿ ಅನೇಕರು ವಿವರಿಸುತ್ತಾರೆ.

ವಾರ್ಷಿಕ ಕ್ರಮದ ಮುಖ್ಯ ಗುಣ ಇಲ್ಲಿಯೇ ಇದೆ. ಜೂನ್ ತಿಂಗಳಲ್ಲಿ ಕಲಿತ ಬೀಜಗಣಿತವು ಡಿಸೆಂಬರಿನಲ್ಲಿ ಮತ್ತೆ ಬೇಕಾಗುತ್ತದೆ. ಮರೆವಿಗೂ ಮರುನೆನಪಿಗೂ ಅವಕಾಶವಿರುತ್ತದೆ. ಒಂದು ದಿನ ಶಾಲೆ ತಪ್ಪಿದರೆ ಒಂದೇ ಪಾಠ ತಪ್ಪುವುದು, ಎರಡಲ್ಲ. ಅರ್ಧವಾರ್ಷಿಕ ಕ್ರಮದಲ್ಲಾದರೋ, ಜನವರಿಯಲ್ಲಿ ಗಣಿತ ಮುಗಿಸಿದವನಿಗೆ ಅದರ ಮುಂದಿನ ಭಾಗವು ಮರುವರ್ಷದ ಫೆಬ್ರವರಿಯಲ್ಲಿ ದೊರೆಯಬಹುದು. ಆ ನಡುವಣ ಒಂದು ವರ್ಷ ಮರೆವಿಗೆ ಮೀಸಲು.

ಕೆನಡದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಹತ್ತನೆಯ ತರಗತಿಯ ವಿದ್ಯಾರ್ಥಿಗಳ ವಿಜ್ಞಾನದ ಅಂಕಗಳನ್ನು ಡೇವಿಡ್ ಬೇಟ್ಸನ್ ಹೋಲಿಸಿ ನೋಡಿದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವರ್ಷವಿಡೀ ವಿಜ್ಞಾನ ಓದಿದವರು ಅರ್ಧವರ್ಷದಲ್ಲಿ ಓದಿ ಮುಗಿಸಿದವರಿಗಿಂತ ಮುಂದಿದ್ದರು. ಆದರೆ ಇಂಥ ಹೋಲಿಕೆ ಪ್ರಯೋಗಶಾಲೆಯ ಪರೀಕ್ಷೆಯಂತಲ್ಲ. ಶಾಲೆಗಳಲ್ಲಿ ಬೇರೆ ವ್ಯತ್ಯಾಸಗಳೂ ಇರುತ್ತವೆ. ವೇಳಾಪಟ್ಟಿಯೊಂದೇ ಕಾರಣವೆಂದು ಇದರಿಂದ ಸಾಧಿಸಲಾಗದು.

ವಾರ್ಷಿಕ ಕ್ರಮಕ್ಕೆ ದೋಷಗಳೂ ಇಲ್ಲದಿಲ್ಲ. ಏಳೆಂಟು ವಿಷಯಗಳನ್ನು ಏಕಕಾಲದಲ್ಲಿ ಹೊರುವ ವಿದ್ಯಾರ್ಥಿಗೆ ಒಂದರಲ್ಲಿಯೂ ಆಳವಾಗಿ ಮುಳುಗಲು ಬಿಡುವಿಲ್ಲ. ರಸಾಯನಶಾಸ್ತ್ರದ ಪ್ರಯೋಗದಲ್ಲಿ ಉಪಕರಣಗಳನ್ನು ಜೋಡಿಸಿ ದ್ರಾವಣ ಕಾಯಿಸುವಷ್ಟರಲ್ಲಿ 45 ನಿಮಿಷ ತೀರಿ ಗಂಟೆ ಬಾರಿಸುತ್ತದೆ. ಉಪಾಧ್ಯಾಯರು ದಿನವೂ ಹಲವು ತರಗತಿಗಳಿಗೆ ಓಡಬೇಕು. ಒಬ್ಬೊಬ್ಬರ ತೊಡಕನ್ನು ವಿಚಾರಿಸಲು ಸಮಯ ಸಾಲದು. ಒಂದು ವಿಷಯದಲ್ಲಿ ಹಿಂದುಳಿದವನು ಆ ಪಾಠಗಳನ್ನು ತರಗತಿಯಲ್ಲಿ ಮತ್ತೆ ಕೇಳಲು ಮುಂದಿನ ವರ್ಷದವರೆಗೆ ಕಾಯಬೇಕು. ಅರ್ಧವಾರ್ಷಿಕ ಕ್ರಮದಲ್ಲಿ ಮುಂದಿನ ಅವಧಿಯಲ್ಲಿಯೇ ಅವನಿಗೆ ಅವಕಾಶ ದೊರೆಯಬಹುದು.

ಹಾಗಾಗಿ ದೀರ್ಘ ಅವಧಿಯು ಕೈಗೆಲಸಕ್ಕೂ ಚರ್ಚೆಗೂ ಒಳ್ಳೆಯದು; ದೀರ್ಘ ಕಾಲದ ಹರವು ನೆನಪಿಗೆ ಒಳ್ಳೆಯದು. ವರ್ಷವಿಡೀ ಪಾಠವನ್ನು ಉಳಿಸಿಕೊಂಡು ವಾರಕ್ಕೊಮ್ಮೆ ಪ್ರಯೋಗಕ್ಕಾಗಿ ಜೋಡಿ ಅವಧಿ ಇಡುವ ಶಾಲೆಗಳು ಎರಡರ ಗುಣವನ್ನೂ ಕೊಂಚಮಟ್ಟಿಗೆ ಪಡೆಯುತ್ತವೆ.

ವೇಳಾಪಟ್ಟಿಯನ್ನು ರಚಿಸುವ ಅಧಿಕಾರ ವಿದ್ಯಾರ್ಥಿಗಿಲ್ಲ, ನಿಜ. ಆದರೆ ವರ್ಷವಿಡೀ ನಡೆದ ಪಾಠವನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಕೂಡಿಹಾಕುವವನು, ವಾರ್ಷಿಕ ಕ್ರಮದ ಲಾಭವನ್ನು ತಾನೇ ಕೈಬಿಟ್ಟಂತೆ. ಇಂದು ಓದಿದುದನ್ನು ಮೂರು ದಿನ ಬಿಟ್ಟು, ಮತ್ತೆ ಮೂರು ವಾರ ಬಿಟ್ಟು, ಪುಸ್ತಕ ಮುಚ್ಚಿ ನೆನೆದು ನೋಡುವವನಿಗೆ ಯಾವ ವೇಳಾಪಟ್ಟಿಯಾದರೂ ಅನುಕೂಲವೇ.